ಮಿತವ್ಯಯಕ್ಕೂ ಬೇಕು ತಪಾಸಣೆ

ಜೆಟ್ ವಿಮಾನಗಳು ಬಹುತೇಕ ಸಂದರ್ಭಗಳಲ್ಲಿ ಎಂಜಿನ್‌ಗಳ ಪೂರ್ಣ ಶಕ್ತಿಯನ್ನು ಬಳಸದೆಯೇ ಮೇಲೇರುತ್ತವೆ. ರನ್‌ವೇ ಸಾಕಷ್ಟು ಉದ್ದವಿದ್ದು ಭಾರ ಕಡಿಮೆಯಿದ್ದರೆ, ಹೊರಗಿನ ಉಷ್ಣಾಂಶ ವಾಸ್ತವಕ್ಕಿಂತ ಹೆಚ್ಚೆಂದು ಕಂಪ್ಯೂಟರಿಗೆ ನಮೂದಿಸಲಾಗುತ್ತದೆ. ಅದಕ್ಕನುಗುಣವಾಗಿ ನೂಕುಬಲ ತಗ್ಗುತ್ತದೆ. ಅಮೆರಿಕದ ವಿಮಾನಯಾನ ಆಡಳಿತವು 1988ರ ಮಾರ್ಗಸೂಚಿಯಲ್ಲಿ ಈ ಕಡಿತಕ್ಕೆ ಶೇ. 25ರ ಮಿತಿ ವಿಧಿಸಿತ್ತು.

ಇಲ್ಲಿ ಮುಖ್ಯ ಲಾಭ ಇಂಧನದ್ದಲ್ಲ. ಟರ್ಬೈನ್ ಅಲಗುಗಳಿಗೆ ತಗಲುವ ತಾಪ ತಗ್ಗಿ ಸವಕಳಿ ಕಡಿಮೆಯಾಗುತ್ತದೆ. ದುಬಾರಿ ದುರಸ್ತಿ ಮುಂದಕ್ಕೆ ಹೋಗುತ್ತದೆ. ಆಸ್ತಿಯ ಆಯುಷ್ಯವನ್ನು ಹೆಚ್ಚಿಸುವ ಈ ಕ್ರಮ ಎಲ್ಲ ಉದ್ಯಮಗಳಿಗೂ ಅನುಕರಣೀಯ.

ಆದರೆ ಈ ಉಳಿತಾಯ ನಿಂತಿರುವುದು ಅಂಕಿಗಳ ಮೇಲೆ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಲ್ಲಿ ಎಮಿರೇಟ್ಸ್ ವಿಮಾನವೊಂದರ ಭಾರ 362.9 ಟನ್‌ಗೆ ಬದಲು 262.9 ಟನ್ ಎಂದು ನಮೂದಾಯಿತು. ತಪಾಸಣೆಯ ಹಂತಗಳಿದ್ದೂ ತಪ್ಪು ಪತ್ತೆಯಾಗಲಿಲ್ಲ. ಶಕ್ತಿ ಸಾಲದೆ ವಿಮಾನದ ಬಾಲ ರನ್‌ವೇಗೆ ಉಜ್ಜಿತು. ಕೊನೆಯ ಗಳಿಗೆಯಲ್ಲಿ ಪೂರ್ಣ ಶಕ್ತಿ ನೀಡಿದ್ದರಿಂದ ವಿಮಾನದಲ್ಲಿದ್ದ 275 ಮಂದಿಯೂ ಪಾರಾದರು.

ದೋಷ ವಿಧಾನದ್ದಲ್ಲ, ತಪಾಸಣೆಯದು. ಬರೆದ ಅಂಕಿಯನ್ನೇ ಮತ್ತೊಬ್ಬರು ಓದಿ ಒಪ್ಪುವುದು ಪರಿಶೀಲನೆಯಲ್ಲ. ಮೂಲ ದಾಖಲೆಯಿಂದ ಸ್ವತಂತ್ರವಾಗಿ ಲೆಕ್ಕ ಹಾಕಿ ತಾಳೆ ನೋಡುವುದೇ ಪರಿಶೀಲನೆ. ಅದಕ್ಕೆ ತಗಲುವ ಸಮಯವನ್ನು ಉಳಿಸಲು ಹೊರಡುವುದು ಮಿತವ್ಯಯ ಎನಿಸದು.