ಅಮೆರಿಕದಲ್ಲಿ ಹುಟ್ಟಿದ ಮಗುವಿನ ಪೌರತ್ವ: ಅಧ್ಯಕ್ಷರ ಒಂದು ಸಹಿಯಿಂದ ರದ್ದಾಗುತ್ತದೆಯೇ?

‘ಅಮೆರಿಕದಲ್ಲಿ ಹುಟ್ಟಿದರೂ ಇನ್ನು ಪೌರತ್ವವಿಲ್ಲ, ಈಗಾಗಲೇ ಕೊಟ್ಟಿದ್ದೂ ವಾಪಸ್’ ಎಂಬರ್ಥದ ಸಂದೇಶಗಳು ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಮಗನೋ ಮಗಳೋ ಎಚ್-1ಬಿ ವೀಸಾದಲ್ಲಿ ಅಲ್ಲಿದ್ದು, ಮೊಮ್ಮಗುವಿಗಾಗಿ ದಿನ ಎಣಿಸುತ್ತಿರುವ ಮನೆಗಳಿಗೆ ಇದು ನಿದ್ದೆಗೆಡಿಸುವ ಸುದ್ದಿ. ಇದರಲ್ಲಿ ನಿಜವೆಷ್ಟು?

ಆದೇಶದಲ್ಲಿ ಏನಿತ್ತು?

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ತಾಯಿ ಅಕ್ರಮವಾಗಿ ಅಥವಾ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದಿದ್ದರೆ ಮಗುವಿಗೆ ಹುಟ್ಟಿನಿಂದ ಪೌರತ್ವವಿಲ್ಲ ಎಂಬುದು ಅದರ ಸಾರ. ಎಚ್-1ಬಿ ಕೂಡ ತಾತ್ಕಾಲಿಕ ವೀಸಾವೇ. ಆದರೆ ಆದೇಶ ಹೊರಟು 30 ದಿನಗಳ ನಂತರ ಹುಟ್ಟುವ ಮಕ್ಕಳಿಗಷ್ಟೇ ಇದು ಅನ್ವಯ ಎಂದು ಅದರಲ್ಲೇ ಬರೆದಿತ್ತು. ಅಂದರೆ ‘ಕೊಟ್ಟಿದ್ದೂ ವಾಪಸ್’ ಎಂಬುದು ತಪ್ಪು.

ಜಗಳ ಯಾವ ಮಾತಿನ ಮೇಲೆ?

ಕಪ್ಪು ಜನರು ಪೌರರಾಗಲಾರರು ಎಂದು 1857ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ಅಂತರ್ಯುದ್ಧದ ನಂತರ, 1868ರಲ್ಲಿ, 14ನೇ ತಿದ್ದುಪಡಿ ಅದನ್ನು ಅಳಿಸಿಹಾಕಿತು. ಅಮೆರಿಕದ ನೆಲದಲ್ಲಿ ಹುಟ್ಟಿ, ಅದರ ಕಾನೂನು ವ್ಯಾಪ್ತಿಗೆ ಒಳಪಟ್ಟವರೆಲ್ಲ ಪೌರರು ಎಂಬುದು ಅದರ ತಿರುಳು. ‘ವ್ಯಾಪ್ತಿಗೆ ಒಳಪಟ್ಟ’ ಎಂದರೇನು? ಇಡೀ ಚರ್ಚೆ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಚೀನೀ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ 1895ರಲ್ಲಿ ಚೀನಾಕ್ಕೆ ಹೋಗಿ ಬಂದಾಗ ಅವರನ್ನು ಒಳಗೆ ಬಿಡಲಿಲ್ಲ. 1898ರಲ್ಲಿ ಸುಪ್ರೀಂ ಕೋರ್ಟ್ 6-2 ಬಹುಮತದಿಂದ ಅವರು ಪೌರರೇ ಎಂದಿತು. ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರಿಗಷ್ಟೇ ವಿನಾಯಿತಿ ಎಂದಿತು.

ಆದರೆ ವಾಂಗ್ ಅವರ ಹೆತ್ತವರು ಅಲ್ಲೇ ನೆಲೆಸಿದ್ದರು, ಆ ತೀರ್ಪು ತಾತ್ಕಾಲಿಕವಾಗಿ ಬಂದವರಿಗೆ ಅನ್ವಯಿಸದು ಎಂಬುದು ಒಂದು ವಾದ. 1985ರಲ್ಲಿ ಪೀಟರ್ ಶುಕ್ ಮತ್ತು ರೋಜರ್ಸ್ ಸ್ಮಿತ್ ಎಂಬ ವಿದ್ವಾಂಸರು, ಪೌರತ್ವಕ್ಕೆ ದೇಶದ ಒಪ್ಪಿಗೆಯೂ ಬೇಕು ಎಂದು ವಾದಿಸಿ ಪುಸ್ತಕ ಬರೆದರು. ಹೆಚ್ಚಿನ ಸಂವಿಧಾನ ತಜ್ಞರು ಇದನ್ನು ಒಪ್ಪುವುದಿಲ್ಲ. ವೀಸಾದವರೇ ಇರಲಿ, ಅಕ್ರಮವಾಗಿ ಬಂದವರೇ ಇರಲಿ, ತಪ್ಪು ಮಾಡಿದರೆ ಅಲ್ಲಿನ ಪೊಲೀಸರು ಹಿಡಿಯುತ್ತಾರೆ, ಅಲ್ಲಿನ ಕೋರ್ಟ್ ಶಿಕ್ಷಿಸುತ್ತದೆ. ಹಾಗಿದ್ದಮೇಲೆ ಅವರು ಕಾನೂನು ವ್ಯಾಪ್ತಿಯ ಹೊರಗಿದ್ದಾರೆ ಎನ್ನುವುದು ಹೇಗೆ ಎಂಬುದು ಅವರ ಪ್ರಶ್ನೆ.

ಕೋರ್ಟ್ ‘ಅಸ್ತು’ ಎಂದಿತೇ?

2025ರ ಜೂನ್ 27ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಲವರು ಗೊಂದಲಕ್ಕೀಡಾದರು. ಒಬ್ಬ ಕೆಳ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯಿಸುವಂತೆ ತಡೆ ಕೊಡಬಹುದೇ ಎಂಬುದನ್ನಷ್ಟೇ ಅದು ತೀರ್ಮಾನಿಸಿತು. ಪೌರತ್ವದ ಬಗ್ಗೆ ಏನೂ ಹೇಳಲಿಲ್ಲ. ಮುಂದಿನ ತಿಂಗಳೇ ಮಕ್ಕಳ ಪರವಾದ ಸಾಮೂಹಿಕ ದಾವೆಯಲ್ಲಿ ಆದೇಶಕ್ಕೆ ಮತ್ತೆ ತಡೆ ಬಿತ್ತು. ಮೂಲ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಕೈಗೆತ್ತಿಕೊಂಡದ್ದು 2025ರ ಡಿಸೆಂಬರ್‌ನಲ್ಲಿ.

ಸಹಿ ಸಾಲದು

ಭಾರತದಲ್ಲಿ 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಬಹುತೇಕ ಎಲ್ಲರೂ ಪೌರರು. ನಂತರ ಸಂಸತ್ತು ಕಾಯ್ದೆ ತಿದ್ದಿ ಹೆತ್ತವರ ಪೌರತ್ವದ ಷರತ್ತು ಸೇರಿಸಿತು. ಅಮೆರಿಕದಲ್ಲಿ ಈ ಹಕ್ಕು ಸಂವಿಧಾನದಲ್ಲೇ ಇದೆ. ಅದನ್ನು ತಿದ್ದಲು ಸಂಸತ್ತಿನ ಎರಡೂ ಸದನಗಳ ಮೂರನೇ ಎರಡರಷ್ಟು ಬೆಂಬಲ, ಜೊತೆಗೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಅದಕ್ಕೇ ಟ್ರಂಪ್ ಸರ್ಕಾರ ‘ಸಂವಿಧಾನ ಬದಲಿಸುತ್ತೇವೆ’ ಎನ್ನಲಿಲ್ಲ. ‘ಅದರ ಅರ್ಥವೇ ಹೀಗೆ’ ಎಂದಿತು. ಅರ್ಥ ಹೇಳುವ ಕೊನೆಯ ಮಾತು ಕೋರ್ಟಿನದು.

ಆದ್ದರಿಂದ ಇಂಥ ಸಂದೇಶ ಬಂದಾಗ ಮೊದಲು ನೋಡಿ: ಅದು ಹೇಳುತ್ತಿರುವುದು ಆದೇಶವನ್ನೋ, ತಡೆಯನ್ನೋ, ಅಂತಿಮ ತೀರ್ಪನ್ನೋ? ಮೂರೂ ಬೇರೆ ಬೇರೆ. ಗೊತ್ತಾಗದಿದ್ದರೆ ಫಾರ್ವರ್ಡ್ ಮಾಡಬೇಡಿ.