ಪಾರ್ಟು ಬದಲಿಸಿದರೆ ಜಾತಿ ಕೆಡುತ್ತಾ?

ಇಂಗ್ಲೆಂಡಿನ ಮಾಮೊಡ್ ಕಂಪನಿಯ ಹಳೇ ಆಟಿಕೆ ಹಬೆ ಎಂಜಿನ್ನನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡರೆ ಸಂಗ್ರಾಹಕರ ಉಪದೇಶ ಒಂದೇ: 'ಏನನ್ನೂ ಬದಲಿಸಬೇಡಿ, ಒರಿಜಿನಲ್ ಬೆಲೆ ಹೋಗುತ್ತೆ.' ಸ್ವಾಮಿ, ಗಾಜಿನ ಬೀರುವಿನಲ್ಲಿ ಕೂರಿಸೋಕೆ ಎಂಜಿನ್ ಯಾಕೆ, ಗೊಂಬೆ ಸಾಲದೇ?

ನಾನಂತೂ ಇಂಧನದ ಬಿಲ್ಲೆ ಉರಿಸುವ ತಟ್ಟೆ ತೆಗೆದು ಸ್ಪಿರಿಟ್ ಬರ್ನರ್ ಹಾಕಿದೆ. ಸವೆದ ವಾಷರ್, ಕಚ್ಚಿಕೊಂಡಿದ್ದ ಸೇಫ್ಟಿ ವಾಲ್ವ್ ಎರಡನ್ನೂ ಬದಲಿಸಿದೆ. ತೊಟ್ಟಿಲಿನ ಹಾಗೆ ತೂಗುತ್ತಲೇ ಹಬೆ ಎಳೆದುಕೊಳ್ಳುವ ಆ ಸಿಲಿಂಡರುಗಳನ್ನು ಮಾತ್ರ ಮುಟ್ಟಲಿಲ್ಲ. ಎಂಜಿನ್ನಿನ ಚಂದ ಇರೋದೇ ಅಲ್ಲಿ. ತೆರೆಯದ ವಾಲ್ವನ್ನು 'ಪರಂಪರೆ' ಅಂತ ಉಳಿಸೋದು ಭಕ್ತಿಯಲ್ಲ, ಉಡಾಫೆ.

1923ರ ಫ್ಲೈಯಿಂಗ್ ಸ್ಕಾಟ್ಸ್‌ಮನ್ನನ್ನೇ 1947ರಲ್ಲಿ ಎ-3 ದರ್ಜೆಗೆ ಮಾರ್ಪಡಿಸಿದರು. ಬಾಯ್ಲರಂತೂ ಹಲವು ಸಲ ಬದಲಾಗಿದೆ. ಅದನ್ನು ನೋಡೋಕೆ ಜನ ಇವತ್ತಿಗೂ ಹಳಿ ಪಕ್ಕ ಕಾಯ್ತಾರೆ. ಅವರಿಗೂ ಹೇಳ್ತೀರಾ, ಇದು ಒರಿಜಿನಲ್ ಅಲ್ಲ, ಮನೆಗೆ ಹೋಗಿ ಅಂತ?