ಟೆನಿಸ್ ಕ್ರೀಡೆಯಲ್ಲಿ ನಮ್ಮ ಹಿನ್ನಡೆ: ಒಂದು ವಿಚಾರ

ನೂರ ನಲವತ್ತು ಕೋಟಿಗೂ ಮೀರಿದ ಜನಸಂಖ್ಯೆಯುಳ್ಳ ನಮ್ಮ ರಾಷ್ಟ್ರವು ಟೆನಿಸ್ ಕ್ರೀಡೆಯ ಸಿಂಗಲ್ಸ್ ವಿಭಾಗದಲ್ಲಿ ಜಗತ್ತಿನ ಮೊದಲ ಹತ್ತು ಸ್ಥಾನಗಳೊಳಗೆ ನಿಲ್ಲಬಲ್ಲ ಒಬ್ಬನೇ ಒಬ್ಬ ಆಟಗಾರನನ್ನಾಗಲಿ, ಆಟಗಾರ್ತಿಯನ್ನಾಗಲಿ, ಗಣಕಯಂತ್ರದ ಶ್ರೇಯಾಂಕ ಪದ್ಧತಿ ಆರಂಭವಾದ 1973 ರಿಂದ ಈಚೆಗೆ ಕಂಡಿಲ್ಲ. ಇದಕ್ಕೆ ನಮ್ಮವರ ದೇಹಬಲದ ಕೊರತೆಯೇ ಕಾರಣವೆಂದು ಕೆಲವರೂ, ಹಣದ ಕೊರತೆಯೇ ಕಾರಣವೆಂದು ಮತ್ತೆ ಕೆಲವರೂ ಹೇಳುವುದುಂಟು. ಈ ಎರಡು ಮಾತುಗಳಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಮೂಲ ಕಾರಣವು ಬೇರೆಯೇ ಇದೆಯೆಂಬುದು ನನ್ನ ನಮ್ರ ಅಭಿಪ್ರಾಯ.

ಈ ಆಟವು ನಮ್ಮ ರಕ್ತಕ್ಕೆ ಒಗ್ಗದು ಎಂಬ ವಾದವನ್ನು ಇತಿಹಾಸವೇ ಅಲ್ಲಗಳೆಯುತ್ತದೆ. ರಾಮನಾಥನ್ ಕೃಷ್ಣನ್ ಅವರು 1960 ಮತ್ತು 1961 ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ್ದರು. ಡೇವಿಸ್ ಕಪ್ ಸ್ಪರ್ಧೆಯಲ್ಲಿ ಭಾರತವು 1966, 1974 ಮತ್ತು 1987 ರಲ್ಲಿ ಅಂತಿಮ ಘಟ್ಟವನ್ನು ಮುಟ್ಟಿತ್ತು. 1974 ರಲ್ಲಂತೂ ವರ್ಣಭೇದ ನೀತಿಯನ್ನು ಪ್ರತಿಭಟಿಸಿ ದಕ್ಷಿಣ ಆಫ್ರಿಕದೊಡನೆ ಆಡಲು ನಿರಾಕರಿಸಿ, ಕಪ್ಪಿಗಿಂತ ಧರ್ಮವೇ ದೊಡ್ಡದೆಂದು ತೋರಿಸಿತು. ಆದರೆ 1987 ರ ಅಮೆರಿಕನ್ ಓಪನ್‌ನಲ್ಲಿ ರಮೇಶ್ ಕೃಷ್ಣನ್ ಅವರು ಕ್ವಾರ್ಟರ್ ಫೈನಲ್ ತಲುಪಿದ ತರುವಾಯ, ಗ್ರಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಯಾವ ಭಾರತೀಯನೂ ಆ ಘಟ್ಟವನ್ನು ಮುಟ್ಟಲಿಲ್ಲ. ರಾಮನಾಥನ್ ಕೃಷ್ಣನ್ ಅವರ ಕಾಲದಲ್ಲಿ ನಾಲ್ಕು ಮಹಾ ಪಂದ್ಯಾವಳಿಗಳಲ್ಲಿ ಮೂರು ಹುಲ್ಲಿನ ಅಂಕಣದ ಮೇಲೆ ನಡೆಯುತ್ತಿದ್ದವು. ನಮ್ಮವರು ಬೆಳೆದದ್ದೂ ಹುಲ್ಲಿನ ಮೇಲೆಯೇ. ಇಂದು ಆ ನೆಲ ವಿಂಬಲ್ಡನ್ನಿಗೆ ಮಾತ್ರ ಉಳಿದಿದೆ. ಆಟವು ಬದಲಾಯಿತು, ಆಟಗಾರನನ್ನು ಬೆಳೆಸುವ ನಮ್ಮ ಕ್ರಮ ಬದಲಾಗಲಿಲ್ಲ.

ನಮ್ಮ ನಾಡಿನ ಕೊಡಗಿನ ರೋಹನ್ ಬೋಪಣ್ಣ ಅವರ ಉದಾಹರಣೆ ಇಲ್ಲಿ ಮನನೀಯ. 2024 ರ ಜನವರಿಯಲ್ಲಿ ತಮ್ಮ 43 ನೆಯ ವಯಸ್ಸಿನಲ್ಲಿ ಅವರು ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ ಗೆದ್ದು, ಡಬಲ್ಸ್‌ನಲ್ಲಿ ಜಗತ್ತಿನ ಪ್ರಥಮ ಸ್ಥಾನಕ್ಕೇರಿದರು. ಸಿಂಗಲ್ಸ್‌ನಲ್ಲಿಯಾದರೋ ಅವರ ಅತ್ಯುನ್ನತ ಸ್ಥಾನ 213. ಡಬಲ್ಸ್ ಆಟಗಾರನಿಗೆ ಹೊರದೇಶದ ಜೊತೆಗಾರ ದೊರೆಯಬಲ್ಲನು. ಸಿಂಗಲ್ಸ್ ಆಟಗಾರನನ್ನು ಪೂರ್ಣವಾಗಿ ಸ್ವದೇಶವೇ ಬೆಳೆಸಬೇಕು. ನಾವು ಸೋಲುತ್ತಿರುವುದು ಈ ಬೆಳೆಸುವ ಕಾರ್ಯದಲ್ಲಿ.

ಹಿರಿಯೂರಿನ ಸಮೀಪ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವನ್ನು ಕಾಣದವರು ನಮ್ಮಲ್ಲಿ ಯಾರು? ಕಟ್ಟೆಯು ಪೂರ್ಣಗೊಂಡದ್ದು 1907 ರಲ್ಲಿ. ಮೊದಲ ಬಾರಿ ಕೋಡಿ ಹರಿದದ್ದು 1933 ರಲ್ಲಿ, ಎರಡನೆಯ ಬಾರಿ 2022 ರಲ್ಲಿ. ಕಟ್ಟೆ ಎಷ್ಟೇ ಭದ್ರವಾಗಿದ್ದರೂ ಮೇಲಿನ ಹಳ್ಳಗಳು ಹರಿದು ಬರದಿದ್ದರೆ ಜಲಾಶಯ ತುಂಬದು. ನಮ್ಮ ಟೆನಿಸ್ಸಿನ ಸ್ಥಿತಿಯೂ ಇದೇ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಉತ್ತಮ ಅಂಕಣಗಳಿವೆ, ಅಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿಗಳೂ ನಡೆಯುತ್ತವೆ. ಆದರೆ ಅಲ್ಲಿಗೆ ಹರಿದು ಬರುವ ಮಕ್ಕಳು ಬೆರಳೆಣಿಕೆಯ ನಗರಗಳ ಅನುಕೂಲಸ್ಥ ಮನೆತನಗಳವರು. ನಾಡಿನ ಬಹುಭಾಗದ ಮಕ್ಕಳು ಒಮ್ಮೆಯೂ ರ‍್ಯಾಕೆಟ್ ಹಿಡಿಯದೆಯೇ ಬಾಲ್ಯವನ್ನು ಕಳೆಯುತ್ತಾರೆ.

ಹೊಸದುರ್ಗದ ಅಥವಾ ಹೊಳಲ್ಕೆರೆಯ ಒಬ್ಬ ಚುರುಕು ಬಾಲಕಿಯನ್ನು ಊಹಿಸಿಕೊಳ್ಳೋಣ. ಆಕೆಯ ಕಾಲಿನಲ್ಲಿ ಖೋ ಖೋ ಕಲಿಸಿದ ವೇಗವಿದೆ. ಆದರೆ ಟೆನಿಸ್ ಪಂದ್ಯವೊಂದನ್ನು ಆಡಬೇಕಾದರೆ ಇನ್ನೂರು ಕಿಲೋಮೀಟರಿಗೂ ಮಿಕ್ಕು ಪ್ರಯಾಣ ಮಾಡಿ ರಾಜಧಾನಿಗೆ ಹೋಗಬೇಕು. ಜೊತೆಗೆ ತಂದೆಯೋ ತಾಯಿಯೋ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಮೊದಲ ಸುತ್ತಿನಲ್ಲಿಯೇ ಸೋತರೆ ಅಷ್ಟೂ ಖರ್ಚು ಒಂದು ಗಂಟೆಯಲ್ಲಿ ಮುಗಿದುಹೋಗುತ್ತದೆ. ಆಟವು ಮೈಗೂಡಬೇಕಾದ ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿಯೇ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಎದುರು ನಿಲ್ಲುತ್ತದೆ. ಪಂದ್ಯವಿಲ್ಲದೆ ಆಟ ಬೆಳೆಯದು; ಮನೆಯ ಹತ್ತಿರ ಪಂದ್ಯಗಳಿಲ್ಲ. ಇದೇ ಮೂಲ ಕಾರಣ.

2024 ರಲ್ಲಿ ಜಗತ್ತಿನ ಪ್ರಥಮ ಸ್ಥಾನಕ್ಕೇರಿದ ಇಟಲಿಯ ಯಾನಿಕ್ ಸಿನ್ನರ್ ಶ್ರೀಮಂತರ ಮಗನಲ್ಲ. ಆಲ್ಪ್ಸ್ ಪರ್ವತದ ಸಣ್ಣ ಊರೊಂದರಲ್ಲಿ ತಂದೆ ಅಡಿಗೆ ಕೆಲಸದವರು, ತಾಯಿ ಉಪಾಹಾರ ಬಡಿಸುವವರು. ಹದಿಮೂರರ ಪ್ರಾಯದಲ್ಲಿ ಮನೆ ಬಿಟ್ಟು ದೂರದ ತರಬೇತಿ ಕೇಂದ್ರ ಸೇರಿದ ಆ ಬಾಲಕ, 2019 ರಲ್ಲಿ ಹದಿನೇಳು ತುಂಬಿದ್ದಾಗ ಬೆರ್ಗಾಮೊ ಎಂಬ ಸ್ವದೇಶದ ನಗರದಲ್ಲಿಯೇ ತನ್ನ ಮೊದಲ ಚಾಲೆಂಜರ್ ಪ್ರಶಸ್ತಿ ಗೆದ್ದನು. ಇಟಲಿಯು ಇಂಥ ಕಿರಿಯ ಶ್ರೇಣಿಯ ಪಂದ್ಯಾವಳಿಗಳನ್ನು ತನ್ನ ಊರೂರುಗಳಲ್ಲಿ ಹೇರಳವಾಗಿ ನಡೆಸಿತು. ಮಕ್ಕಳು ಮನೆ ಬಿಟ್ಟು ವಿದ್ಯಾರ್ಥಿನಿಲಯದಲ್ಲಿ ಬೆಳೆಯುವುದು ನಮ್ಮ ಭಾಗಕ್ಕೂ ಹೊಸದಲ್ಲ. ಅನ್ನ ಮತ್ತು ಅಕ್ಷರಗಳಿಗಾಗಿ ತೆರೆದ ನಿಲಯಗಳು ಇಲ್ಲಿ ತಲೆಮಾರುಗಳಿಂದ ನಡೆದುಬಂದಿವೆ.

ಮಳೆಯೇ ಸರಿಯಾಗಿ ಬಾರದ ಈ ಸೀಮೆಗೆ ಟೆನಿಸ್ ಏಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಲಕ್ಷಾಂತರ ರೂಪಾಯಿಗಳ ಅಂಕಣ ಬೇಕೆಂದು ನಾನು ಹೇಳುತ್ತಿಲ್ಲ. ಹತ್ತು ವರ್ಷದೊಳಗಿನ ಮಕ್ಕಳ ಪಂದ್ಯಗಳಿಗೆ ನಿಧಾನವಾಗಿ ಪುಟಿಯುವ ಚೆಂಡುಗಳನ್ನೇ ಬಳಸಬೇಕೆಂದು ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆಯು 2012 ರಿಂದ ವಿಧಿಸಿದೆ. ಮೊದಲ ಹಂತದ ಕೆಂಪು ಚೆಂಡಿನ ಆಟಕ್ಕೆ ಬೇಕಾದ ಅಂಕಣದ ಉದ್ದ ಸುಮಾರು 11 ರಿಂದ 12 ಮೀಟರ್ ಮಾತ್ರ. ನಮ್ಮ ಶಾಲೆಗಳ ವಾಲಿಬಾಲ್ ಅಂಕಣವು 18 ಮೀಟರ್ ಉದ್ದ, 9 ಮೀಟರ್ ಅಗಲವುಳ್ಳದ್ದು. ಬಲೆಯನ್ನು ಕೆಳಗಿಳಿಸಿ ಸುಣ್ಣದ ಗೆರೆ ಎಳೆದರೆ ಅದರೊಳಗೇ ಆಟದ ಮೊದಲ ಪಾಠ ನಡೆದೀತು. ಒಂದು ಗಟ್ಟಿ ಗೋಡೆಯಿದ್ದರೆ ಒಂಟಿಯಾಗಿಯೂ ಅಭ್ಯಾಸ ಸಾಗೀತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಊರುಗಳ ಶಾಲೆಗಳು ತಿಂಗಳಿಗೊಮ್ಮೆ ಸರದಿಯಂತೆ ಪಂದ್ಯಗಳನ್ನು ಏರ್ಪಡಿಸಿದರೆ, ಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ, ಆಡಿ, ಸಂಜೆಗೆ ಮನೆ ಸೇರಬಹುದು. ಇದರಿಂದ ನಾಳೆಯೇ ವಿಂಬಲ್ಡನ್ ವಿಜೇತನು ಹುಟ್ಟುವನೆಂಬ ಭ್ರಮೆ ಬೇಡ. ಆದರೆ ಪ್ರತಿಭೆಯುಳ್ಳ ಮಗುವೊಂದು ತನ್ನ ಪ್ರತಿಭೆಯನ್ನು ತಾನೇ ಅರಿಯದೆ ಬೆಳೆದುಬಿಡುವ ಅನ್ಯಾಯವಾದರೂ ತಪ್ಪೀತು. ಕೋಡಿ ಹರಿಯುವುದು ಯಾವ ವರ್ಷವೋ ಯಾರು ಬಲ್ಲರು? ಹಳ್ಳದ ದಾರಿಯನ್ನು ತೆರೆದಿಡುವುದು ಹಿರಿಯರಾದ ನಮ್ಮೆಲ್ಲರ ಕರ್ತವ್ಯ.